ಮೇಲೆ ಬಂದದ್ದನ್ನು ಕೆಳಕ್ಕೆ ಬಿಡುವ ಪೈಪು

ಇನ್ನೊಬ್ಬರಿಗೆ ಅರ್ಥ ಮಾಡಿಸುವ ಚಟ ಹತ್ತಿದವನಿಗೆ ಬೇರೆ ಚಟ ಬೇಕಿಲ್ಲ. ಹೊಸದುರ್ಗದ ಬಸ್ಸಿನಲ್ಲಿ ಪಕ್ಕದವರು ಆಕಳಿಸಿದರೆ, ಆಕಳಿಕೆ ಏಕೆ ಬರುತ್ತದೆಂದು ಶ್ರೀರಾಂಪುರ ಬರುವವರೆಗೂ ವಿವರಿಸುತ್ತೇನೆ. "ನಿಮ್ಮಿಂದ್ಲೇ ಬರ್ತೈತೆ" ಎಂದು ನನ್ನ ಹೆಂಡತಿ ಒಮ್ಮೆ ಅದನ್ನು ಒಂದೇ ಮಾತಿನಲ್ಲಿ ಮುಗಿಸಿದ್ದಳು.

ಹಿರಿಯೂರಿನ ಹೊರಗೆ, ಬಳಸಿ ಕೊಳಕಾದ, ನೀರು ಬೆರೆತ ಸ್ಪಿರಿಟ್ಟನ್ನು ಕಾಯಿಸಿ ಶುದ್ಧ ಮಾಡುವ ಸಣ್ಣ ಕಾರ್ಖಾನೆಯಲ್ಲಿ ನಾನು ಇಂಜಿನಿಯರು. ಹೆಂಡತಿ ಚಿತ್ರದುರ್ಗದಲ್ಲಿ ಟೀಚರು. ವಾರವೆಲ್ಲ ನಾನು ಮಾಡಿದ ಸಾರನ್ನು ನಾನೇ ಉಣ್ಣಬೇಕು. ಆ ಪಾಡು ಶತ್ರುವಿಗೂ ಬೇಡ. ಚಿತ್ರದುರ್ಗದ ಹೆಡ್ಡಾಫೀಸಿಗೆ ವರ್ಗ ಮಾಡಿ ಎಂದು ಮಾಲೀಕರಾದ ಈರಪ್ಪನವರನ್ನು ಬೇಡಿಕೊಂಡೆ. "ನೋಡಾಣ. ಮೊದ್ಲು ಆ ಪೈಪು ಯಾಕೈತೆ ಹೇಳ್ರಿ" ಎಂದರು.

ಆ ಪೈಪನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಕಾಯಿಸಿದ ಸ್ಪಿರಿಟ್ಟಿನ ಆವಿ ಏರುವ ಎತ್ತರದ ಕಂಬದಂಥ ಕೊಳವೆಗೆ ಕಾಲಮ್ಮು ಎನ್ನುತ್ತೇವೆ. ಅದರ ತುದಿಗೆ ಬಂದ ಆವಿಯನ್ನು ತಣಿಸಿದರೆ ಸ್ಪಿರಿಟ್ಟು. ಅದರಲ್ಲಿ ಅರ್ಧವನ್ನು ಆ ಪೈಪಿನ ಮೂಲಕ ಮತ್ತೆ ಕಾಲಮ್ಮಿನೊಳಕ್ಕೇ ಇಳಿಬಿಡುತ್ತೇವೆ. ಇದಕ್ಕೆ ರಿಫ್ಲಕ್ಸ್ ಎನ್ನುತ್ತಾರೆ.

"ಅಲ್ರಿ, ಕಷ್ಟಪಟ್ಟು ಮ್ಯಾಲೆ ಬಂದಿದ್ದನ್ನ ಕೆಳಕ್ಕೆ ದಬ್ತೀರಲ್ಲ, ಬುದ್ಧಿ ಐತಾ?"

ಬೋರ್ಡಿನ ಮೇಲೆ ಚಿತ್ರ ಬರೆದೆ, ಬಾಣ ಹಾಕಿದೆ. ಅವರು ಚಹಾ ಮುಗಿಸಿ ಎದ್ದು ಹೋಗಿ ಪೈಪಿನ ವಾಲ್ವು ಮುಚ್ಚಿಸಿದರು. ಡ್ರಮ್ಮುಗಳು ಬೇಗ ಬೇಗ ತುಂಬಿದವು. ನೀರು ಬೆರೆತಿದೆ ಎಂದು ಗಿರಾಕಿಯಿಂದ ಅಷ್ಟೇ ಬೇಗ ವಾಪಸ್ಸೂ ಬಂದವು.

ಆಗ ನೆನಪಾಯಿತು, ಈರಪ್ಪನವರದು ಹೊಳಲ್ಕೆರೆ ಕಡೆಯ ಕುರಿ ಸಾಕುವ ಮನೆತನ. "ಕೆರೆ ಹತ್ರ ಎರಡು ಮಂದೆ ಕಲೆತು ಹೋದ್ರೆ ಏನ್ ಮಾಡ್ತೀರಿ?" ಎಂದೆ.

"ನಮ್ಮ ಟಗರನ್ನ ಹೊರಗೆ ಕರೀತೀವಿ. ಹಿಂದೆ ನಮ್ಮವು ಬರ್ತಾವೆ, ಜತಿಗೆ ಊರೋರವೂ ನಾಕು ಬರ್ತಾವೆ. ಅದಕ್ಕೇ ಟಗರನ್ನ ಮತ್ತೆ ಮಂದೆಯೊಳಕ್ಕೆ ಬಿಡ್ತೀವಿ. ಊರೋರವು ತಮ್ಮ ಮಂದೆ ಜತೆ ಅಲ್ಲೇ ಉಳೀತಾವೆ, ನಮ್ಮವು ಟಗರಿನ ಹಿಂದೆ ಬರ್ತಾವೆ. ಹಿಂಗೇ ಮಾಡ್ತಾ ಹೋದ್ರೆ ಕೊನೀಗೆ ನಮ್ಮವಷ್ಟೇ ಹೊರಗೆ ಬರ್ತಾವೆ."

"ಅದೇ ರಿಫ್ಲಕ್ಸು! ಕೆಳಗೆ ಬಿಟ್ಟ ಸ್ಪಿರಿಟ್ಟು ಎದುರಿಗೆ ಬರೋ ಆವೀಲಿರೋ ನೀರನ್ನ ಕೆಳಗಿಳಿಸಿ, ತನ್ನೋರನ್ನ ಮೇಲಕ್ಕೆ ಕಳಿಸ್ತೈತೆ."

ಅವರ ಮುಖ ಅರಳಿತು. ವಾಲ್ವು ತೆರೆಯಿತು. ವಾಪಸ್ಸು ಬಂದ ಡ್ರಮ್ಮುಗಳನ್ನೂ ಮತ್ತೆ ಕಾಯಲು ಸುರಿಸಿದರು. ಇದು ರೀಸೈಕಲ್ ಎಂದು ಅದನ್ನೂ ಬಿಡದೆ ವಿವರಿಸಿದೆ. ಈ ಸಲ ಸ್ಪಿರಿಟ್ಟು ಚೊಕ್ಕಟವಾಗಿ ಬಂತು. ಖುಷಿಗೆ ಹೆಂಡತಿಗೆ ಫೋನು ಮಾಡಿ, ಇನ್ನು ಮೇಲೆ ಒಂದು ಹಿಡಿ ಅಕ್ಕಿ ಹೆಚ್ಚು ಹಾಕು ಎಂದೂ ಹೇಳಿಬಿಟ್ಟೆ.

ಸಂಜೆ ವರ್ಗದ ಮಾತೆತ್ತಿದೆ.

"ಮಾಡಾಣ ಅಂತಲೇ ಇದ್ದೆ ಕಣ್ರಿ" ಎಂದರು ಈರಪ್ಪನವರು, ಬಹಳ ಪ್ರೀತಿಯಿಂದ. "ಆದ್ರೆ ನೀವೇ ಕಣ್ಣು ತೆರೆಸಿದ್ರಿ. ಮ್ಯಾಲೆ ಬರೋ ಯೋಗ್ಯತೆ ಇರೋರನ್ನೇ ಕೆಳಕ್ಕೆ ಬಿಡ್ಬೇಕು. ನೀವು ಹೋಗ್ಬಿಟ್ರೆ ಇಲ್ಲಿರೋರನ್ನ ಮ್ಯಾಲಕ್ಕೆ ಕಳ್ಸೋರ್ಯಾರು? ಇನ್ನೊಂದು ವರ್ಷ ಇಲ್ಲೇ ಇರ್ರಿ."

ಅವರ ಮಾತಿನಲ್ಲಿ ಒಂದಾದರೂ ತಪ್ಪು ಸಿಕ್ಕೀತೇ ಎಂದು ಹುಡುಕಿದೆ. ಸಿಗಲಿಲ್ಲ. ಅಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದೆ.