ಗಿರಣಿಗೆ ಹೋದ ಕಾಫಿ ಬೀಜ

ಭಾನುವಾರದ ನಾಷ್ಟಾದ ಹೊತ್ತಿಗೆ ಸಿಂಧನೂರಿನ ಚರಿತ್ರೆಯಲ್ಲೇ ಮೊಟ್ಟಮೊದಲ ಅಪ್ಪಟ ಎಸ್ಪ್ರೆಸ್ಸೋ ನಮ್ಮ ಅಡುಗೆಕಟ್ಟೆಯ ಮೇಲೆ ಅವತರಿಸಲಿದೆ ಎಂದು ನಾನು ಘೋಷಿಸಿದೆ! ಘೋಷಣೆ ಕೇಳಲು ಇದ್ದವಳು ನನ್ನ ಹೆಂಡತಿ ಭಾರತಿ ಒಬ್ಬಳೇ. ಅವಳು ಮೆಂತ್ಯೆಪಲ್ಲೆಯ ಎಲೆ ಬಿಡಿಸುವುದನ್ನೂ ನಿಲ್ಲಿಸಲಿಲ್ಲ.

"ಅವತರಿಸಲಿ ಬಿಡ್ರಿ. ನಾ ರುಚಿ ನೋಡಿ 'ಹೌದು, ಇದು ಕಾಫಿ' ಅಂದ್ರ ಮಷೀನ್ ಕಟ್ಟಿ ಮ್ಯಾಲ ಇರ್ತೈತಿ. ಇಲ್ಲಂದ್ರ ಅಟ್ಟಕ್ಕ ಹೋಗ್ತೈತಿ. ರೊಟ್ಟಿ ಬುಟ್ಟಿ ಇಡಾಕ ಜಾಗ ಇಲ್ಲದಂಗ ಆಗೇತಿ ನನಗ."

ಮಸ್ಕಿಯ ಕಾಲೇಜಿನಲ್ಲಿ ನಾನು ಗ್ರಂಥಪಾಲಕ. ತರಬೇತಿಗೆಂದು ಮೈಸೂರಿಗೆ ಹೋದಾಗ ಯಾರೋ ಗೊಂಬೆಯಾಟದ ಲೋಟದಷ್ಟು ಕಪ್ಪಿನಲ್ಲಿ ಎಸ್ಪ್ರೆಸ್ಸೋ ಎಂಬ ಎರಡು ಗುಟುಕು ಕರಿ ಕಾಫಿ ಕುಡಿಸಿದರು. ಅಂದಿನಿಂದ ನಾನು ಮನುಷ್ಯನಾಗಿ ಉಳಿಯಲಿಲ್ಲ. ಮಷೀನು ತರಿಸಿದೆ, ಬೀಜ ತರಿಸಿದೆ. ಬೀಜ ಪುಡಿಮಾಡಲು ಗ್ರೈಂಡರ್ ಬೇರೆ ಬೇಕು ಎಂಬ ಸಂಗತಿ ಮಾತ್ರ ಪೆಟ್ಟಿಗೆ ಒಡೆದ ಮೇಲೆ ತಿಳಿಯಿತು!

ಮಿಕ್ಸಿಗೆ ಹಾಕಿ ನೋಡಿದೆ. ಅರ್ಧ ಹಿಟ್ಟಾಯಿತು, ಅರ್ಧ ನುಚ್ಚಾಯಿತು. ಬಿಸಿನೀರು ಅದರಲ್ಲಿ ಒಂದು ಕ್ಷಣವೂ ನಿಲ್ಲದೆ ಸುರಿದುಹೋಯಿತು.

ಭಾರತಿ ಕಪ್ಪಿನೊಳಗೆ ಇಣುಕಿದಳು. "ಭಾಂಡೆ ತಿಕ್ಕಿದ ನೀರು ನಾ ದಿನಾ ಚೆಲ್ತೀನಿ. ನೀವು ನೋಡಿದ್ರ ಅದನ್ನ ಕಪ್ಪಿನ್ಯಾಗ ಹಿಡದೀರಲ್ಲ!"

ಮರುದಿನದಿಂದ ಸಿಂಧನೂರು-ಮಸ್ಕಿ ಬಸ್ಸೇ ನನ್ನ ವಿಶ್ವವಿದ್ಯಾಲಯವಾಯಿತು. ಹೋಗುವಾಗ ಎರಡು ವಿಡಿಯೋ, ಬರುವಾಗ ಎರಡು. ಬ್ಲೇಡಿನದು ಕೊಳ್ಳಬಾರದು, ಅದು ಬೀಜವನ್ನು ಸಿಕ್ಕಲ್ಲಿ ಕೊಚ್ಚುತ್ತದೆ. ಹಲ್ಲಿರುವ ಎರಡು ಬಿಲ್ಲೆಗಳ ನಡುವೆ ಅರೆದರೆ ಮಾತ್ರ ಪುಡಿ ಒಂದೇ ಸಮ ಆಗುತ್ತದಂತೆ. ಕೈಯಿಂದ ತಿರುವುವ ಗ್ರೈಂಡರ್ ಅಗ್ಗ, ಆದರೆ ಒಂದು ಕಪ್ಪಿಗೆ ರಟ್ಟೆ ಬಿದ್ದುಹೋಗುವಷ್ಟು ತಿರುವಬೇಕು. ಕರೆಂಟಿನದರ ಬೆಲೆಗೆ ನಮ್ಮೂರಲ್ಲಿ ಹಳೆಯ ಮೋಟಾರ್ ಸೈಕಲ್ಲೇ ಬರುತ್ತದೆ. ಬಿಲ್ಲೆ ಚಪ್ಪಟೆ ಇರಬೇಕೋ ಶಂಕುವಿನಂತಿರಬೇಕೋ ಎಂಬ ಜಗಳ ನೋಡುತ್ತ ಒಮ್ಮೆ ಮಸ್ಕಿ ದಾಟಿ ಲಿಂಗಸುಗೂರಿನಲ್ಲಿ ಇಳಿದೆ!

ಅಲ್ಲಿಂದ ವಾಪಸು ಬರುವ ಬಸ್ಸಿನಲ್ಲೇ ನನಗೆ ಜ್ಞಾನೋದಯವಾದದ್ದು. ಎರಡು ದುಂಡನೆಯ ಬಿಲ್ಲೆ, ನಡುವೆ ಸಂದು, ಸಂದನ್ನು ಹಿಗ್ಗಿಸಿ ಕುಗ್ಗಿಸಲು ಒಂದು ತಿರುಪು. ಅಯ್ಯೋ, ಇದು ನಮ್ಮ ಓಣಿಯ ದಾವಲ್‌ಬೀಯ ಹಿಟ್ಟಿನ ಗಿರಣಿಯಲ್ಲವೇ! ಇಡೀ ಜಗತ್ತು ಅಂಗೈಯಗಲದ ಗ್ರೈಂಡರಿಗೆ ಬಾಯಿ ಬಿಡುತ್ತಿದೆ, ನನ್ನ ಓಣಿಯ ಮೂಲೆಯಲ್ಲೇ ಬಂಡಿಗಾಲಿಯಂಥ ಕಲ್ಲು ತಿರುಗುತ್ತಿದೆ. ಗ್ರೈಂಡರ್ ಆಯ್ಕೆ ಮುಗಿಯಿತು!

ಶನಿವಾರ ಮಧ್ಯಾಹ್ನ ಬೀಜದ ಚೀಲ ಹಿಡಿದು ಗಿರಣಿಗೆ ಹೋದೆ. ದಾವಲ್‌ಬೀ ಬೀಜ ಮೂಸಿ ನೋಡಿದಳು.

"ಇದೇನು ಮಾಲ್ರಿ ಸರ? ಎಷ್ಟೈತಿ?"

"ಕಾಫಿ. ಪಾವ್ ಕಿಲೋ."

"ಪಾವ್ ಕಿಲೋ ಹಾಕಿದ್ರ ಕಲ್ಲ ನುಂಗಿ ಕುಂದರ್ತೈತ್ರಿ. ಈಗ ಜ್ವಾಳ ಬೀಸೀನಿ. ಒಳಗಿನ ಹಿಟ್ಟು ನಿಮ್ಮದರಾಗ ಬೀಳ್ತೈತಿ, ನಿಮ್ಮದು ನಿಮ್ಮ ಹಿಂದ ನಿಂತವರದರಾಗ ಬೀಳ್ತೈತಿ. ಎಲ್ಲಾರದೂ ಮುಗೀಲಿ, ಕಲ್ಲು ಬಿಚ್ಚಿ ಝಾಡಿಸಿ ಹಾಕಿ ಕೊಡ್ತೀನಿ."

ಜೋಳದ ಹಿಂದೆ ಜೋಳ, ಗೋಧಿಯ ಹಿಂದೆ ಗೋಧಿ ಎಂಬುದು ಪಾಳಿ ಹಚ್ಚುವ ಪ್ರತಿಯೊಬ್ಬರಿಗೂ ಗೊತ್ತಿರುವ ಕಾನೂನು. ನನಗೂ ಗೊತ್ತಿತ್ತು. ಆದರೆ ನಾನು ಆಗಲೇ ಇಪ್ಪತ್ತು ವಿಡಿಯೋ ನೋಡಿದವನು!

"ಹಂಗೇನೂ ಆಗಂಗಿಲ್ಲ ದಾವಲ್‌ಬೀ, ಹಾಕು. ಕಾಫಿ ಕಾಯಂಗಿಲ್ಲ."

ನನ್ನ ಹಿಂದೆ ಜೋಳದ ಡಬ್ಬಿ ಇಟ್ಟುಕೊಂಡು ನಿಂತಿದ್ದವಳು ಮುದುಕಮ್ಮ. ಖಡಕ್ ರೊಟ್ಟಿ ಬಡಿದು ಮಾರುವವಳು. ಲಿಂಗಸುಗೂರಿನ ಒಂದು ಮನೆಯ ಕಾರ್ಯಕ್ಕೆ ಇನ್ನೂರು ರೊಟ್ಟಿ ಒಪ್ಪಿಕೊಂಡಿದ್ದಳು.

"ಹಾಕಿ ಕೊಡವಾ, ಪಾಪ," ಎಂದಳು ಆ ಪುಣ್ಯಾತ್ಗಿತ್ತಿ. "ಸರು ನೌಕರಿ ಮಾಡಿ ದಣದು ಬಂದಾರ."

ಮನೆಗೆ ಬಂದು ತೂಗಿದೆ. ಪಾವ್ ಕಿಲೋ ಹೋಗಿತ್ತು, ಬರೋಬ್ಬರಿ ಪಾವ್ ಕಿಲೋ ಬಂದಿತ್ತು! ಕಲ್ಲು ನುಂಗುತ್ತದಂತೆ! ನನ್ನ ಹೆಮ್ಮೆಗೆ ಮನೆ ಸಾಲದಾಯಿತು.

"ಹೋಗೂಮುಂದ ಕರ್ರಗಿತ್ತು, ಈಗ ಬೆಳ್ಳಗ ಆಗೇತಲ್ರೀ?" ಎಂದಳು ಭಾರತಿ.

"ನುಣ್ಣಗಾದ್ರ ಹಂಗ ಆಗತೈತಿ. ನಿನಗ ತಿಳಿಯಂಗಿಲ್ಲ."

ಭಾನುವಾರ ಬೆಳಿಗ್ಗೆ ಜಳಕ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಪುಡಿಯನ್ನು ಒತ್ತಿ ತುಂಬಿ ಗುಂಡಿ ಅದುಮಿದೆ. ಮಷೀನು ಗುಟುರು ಹಾಕಿತು. ನಡುಗಿತು. ಪಕ್ಕದಿಂದ ಹಬೆ ಉಗುಳಿತು. ಬಹಳ ಹೊತ್ತಿನ ಮೇಲೆ ಕೆಳಗೆ ಒಂದು ಹನಿ ಕಾಣಿಸಿತು. ಅದು ಬೀಳಲಿಲ್ಲ, ಸುಮ್ಮನೆ ನೇತಾಡಿತು! ನಾನು ಚಮಚದಿಂದ ಅದನ್ನು ಬಿಡಿಸಿಕೊಂಡೆ. ಹೀಗೆ ಕೆರೆದು, ಬಿಡಿಸಿ, ನೀರು ಬೆರೆಸಿ ಒಂದು ಕಪ್ಪು ತುಂಬಿಸುವಷ್ಟರಲ್ಲಿ ಬಾಗಿಲಲ್ಲಿ ಮುದುಕಮ್ಮ ಬುಟ್ಟಿ ಹೊತ್ತು ನಿಂತಿದ್ದಳು.

"ಕನಕರಾಯ ಸರ, ನನ್ನ ರೊಟ್ಟಿ ನೋಡ್ರಿ! ನಿನ್ನಿ ಬಡಿಯೂಮುಂದ ಒಲಿ ಬೆಳಕಿನ್ಯಾಗ ಗೊತ್ತಾಗಲಿಲ್ಲ. ಮುಂಜಾನೆ ನೋಡಿದ್ರ ಮೊದಲು ಬಡದ ಇಪ್ಪತ್ತು ರೊಟ್ಟಿ ಇಟ್ಟಂಗಿಯಂಗ ಕೆಂಪಗ ಆಗ್ಯಾವ! ಬಸ್ಸಿನ ಹೊತ್ತಾತು. ಕಾರ್ಯದ ಮನಿಗೆ ಇಂಥವು ಹೆಂಗ ಕಳಸ್ಲಿ?"

ನನಗೆ ನಿಂತ ನೆಲ ಬಿರಿಯಬಾರದೇ ಅನ್ನಿಸಿತು. ಪಾಳಿ ಬಿಟ್ಟುಕೊಟ್ಟವಳ ಹಿಟ್ಟಿಗೇ ನಾನು ಬಣ್ಣ ಹಚ್ಚಿದ್ದೆ.

ಭಾರತಿ ಒಳಗೆ ಹೋಗಿ ನಮ್ಮ ಬುಟ್ಟಿಯಿಂದ ಇಪ್ಪತ್ತು ಬಿಳಿ ಖಡಕ್ ರೊಟ್ಟಿ ಎಣಿಸಿ ತಂದಳು.

"ಇವನ್ನ ಹಾಕಿ ಕಳಸವಾ. ಕೆಂಪನ್ನವು ನಮಗಿರಲಿ. ಕುಂದರು, ಬಿಸಿಲಾಗ ಬಂದಿ, ಏನಾರ ಒಂದೀಟು ಕುಡಿ." ಹೀಗೆಂದವಳು ನನ್ನ ಎಸ್ಪ್ರೆಸ್ಸೋ ಕಪ್ಪನ್ನೇ ಎತ್ತಿ ಮುದುಕಮ್ಮನ ಕೈಗಿಟ್ಟಳು!

ಬಳಿಕ ಕೆಂಪು ರೊಟ್ಟಿಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಅಗಿದಳು. ಕಣ್ಣರಳಿಸಿದಳು.

"ಹೌದು, ಇದು ಕಾಫಿ!"

"ಗೆದ್ದೆ!" ನಾನು ಕೂಗಿದೆ. "ಮಷೀನ್ ಇಲ್ಲೇ ಇರ್ತೈತಿ!"

"ಮಷೀನ್ ಯಾಕ್ರಿ? ಇದನ್ನ ಮಾಡಿದ್ದು ಮುದುಕಮ್ಮನ ಹೆಂಚು. ನಿಮ್ಮ ಕಪ್ಪಿನ್ಯಾಗ ಏನೈತಿ, ಅಕಿನ್ನ ಕೇಳ್ರಿ."

ಮುದುಕಮ್ಮ ಕಪ್ಪನ್ನು ಪೂರ್ತಿ ಬರಿದುಮಾಡಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ನನಗೆ ಬೇಜಾರಾಗಬಾರದೆಂದು ಮೆಲ್ಲಗೆ ಹೇಳಿದಳು:

"ಅಂಬಲಿ ಚಲೋ ಆಗೇತ್ರಿ ಸರ. ಜರಾ ತಳ ಹತ್ತೇತಿ, ಅಷ್ಟ."