ಗೇರ್‌ಬಾಕ್ಸಿನ ಮಂಡೆ

ಆದಿತ್ಯವಾರ ಬೆಳಿಗ್ಗೆ ಬಾಯಿ ತುಂಬ ನೀರುದೋಸೆ ಇರುವಾಗ ಲೀಲಾಧರ ಒಂದು ಸುಳ್ಳು ಹೇಳಿದ. ದೋಸೆ ನುಂಗುವಷ್ಟು ಹೊತ್ತು ಯೋಚಿಸಿದ್ದರೂ ಆ ದಿನ ಬೇರೆ ರೀತಿಯಲ್ಲಿ ಕಳೆಯುತ್ತಿತ್ತು.

ಬಿಕರ್ನಕಟ್ಟೆಯ ಆ ಓಣಿಯಲ್ಲಿ ಪಿಕಪ್ ಇದ್ದದ್ದು ಅವನೊಬ್ಬನಿಗೇ. ಬಂದರಿನಿಂದ ಹೋಟೆಲುಗಳಿಗೆ ಮೀನು ಹಾಕಲೆಂದು ತೆಗೆದುಕೊಂಡದ್ದು. ಕ್ಲಚ್ಚಿಲ್ಲದ, ತಾನಾಗಿಯೇ ಗೇರ್ ಬದಲಿಸಿಕೊಳ್ಳುವ ಗಾಡಿ. ವಾರವಿಡೀ ಅದು ಮೀನಿನದ್ದು, ಆದಿತ್ಯವಾರ ಓಣಿಯವರದ್ದು. ಒಬ್ಬರಿಗೆ ಮದುವೆಯ ಪಾತ್ರೆ, ಇನ್ನೊಬ್ಬರಿಗೆ ಜಲ್ಲಿ. "ಇಲ್ಲ" ಎನ್ನುವ ಮಾತು ಲೀಲಾಧರನ ಗಂಟಲಲ್ಲಿ ಬಂಗುಡೆಯ ಮುಳ್ಳಿನ ಹಾಗೆ ಸಿಕ್ಕಿಕೊಳ್ಳುತ್ತಿತ್ತೇ ಹೊರತು ಹೊರಗೆ ಬರುತ್ತಿರಲಿಲ್ಲ. ಇದರಿಂದಾಗಿ ಅವನ ಹೆಂಡತಿ ಕುಮುದಿನಿಗೆ, ಶಾಲೆಯ ದಿನಗಳ ಗೆಳತಿ ಬರ್ನಡೆಟ್ ಕಾರ್ಕಳದಲ್ಲಿ ಕಟ್ಟಿಸಿದ ಹೊಸ ಮನೆಯನ್ನು ನೋಡಲು ಇನ್ನೂ ಆಗಿರಲಿಲ್ಲ. ಹಿಂದಿನ ದಿನ ಅವಳು ಸೀರೆಗೆ ಇಸ್ತ್ರಿ ಹಾಕುತ್ತ ಹೇಳಿದ್ದಳು: "ನಾಳೆಯೂ ಗಾಡಿ ಯಾರಿಗಾದ್ರೂ ಕೊಟ್ರೆ ನಾನು ಅಮ್ಮನ ಮನೆಗೆ ಹೋಗ್ತೇನೆ. ಬಸ್ಸಲ್ಲಿ. ವಾಪಸ್ ಬರ್ಲಿಕ್ಕೆ ಬಸ್ಸಿಲ್ಲ ಅಂತ ತಿಳ್ಕೊಳ್ಳಿ."

ಹಾಗಾಗಿ ಎದುರುಮನೆಯ ಪೂವಪ್ಪ ಗೇಟು ತೆಗೆದು, "ಲೀಲಣ್ಣ, ಗಾಡಿ ಉಂಟಾ ಇವತ್ತು? ಒಂದು ಕಪಾಟು, ಒಂದು ಮಂಚ..." ಎನ್ನುವಷ್ಟರಲ್ಲೇ ಲೀಲಾಧರ ಬೆದರಿಬಿಟ್ಟ.

"ಗಾಡಿ ಹಾಳಾಗಿದೆ ಪೂವಪ್ಪಣ್ಣ!"

"ಅಯ್ಯೋ! ಎಂತ ಆಯ್ತು?"

ಪಂಕ್ಚರ್ ಎಂದರೆ ಈ ಮನುಷ್ಯ ತಾನೇ ಜಾಕ್ ಹಿಡಿದು ಕೂರುತ್ತಾನೆ. ಲೀಲಾಧರನಿಗೆ ಫೋನಿನಲ್ಲಿ ನೋಡಿದ ಒಂದು ವಿಡಿಯೋ ನೆನಪಾಯಿತು. "ಟಿಸಿಎಂ ಹೋಗಿದೆ. ಟ್ರಾನ್ಸ್‌ಮಿಷನ್ ಕಂಟ್ರೋಲ್ ಮಾಡ್ಯೂಲ್. ಗೇರ್‌ಬಾಕ್ಸಿನ ಮಂಡೆ ಅಂತಲೇ ಹೇಳ್ಬಹುದು. ಯಾವಾಗ ಯಾವ ಗೇರ್ ಬೀಳ್ಬೇಕು ಅಂತ ಹೇಳುವುದು ಅದೇ. ಅದು ಸತ್ರೆ ಗಾಡಿ ಕದಲುವುದಿಲ್ಲ."

ಪೂವಪ್ಪ ಬಹಳ ವರ್ಷ ಮಸ್ಕತ್ತಿನಲ್ಲಿದ್ದು ಬಂದವ. ಬೇರೆಯವರ ಕಷ್ಟ ಕಂಡರೆ ಕೈಕಟ್ಟಿ ಕೂರುವ ಜಾತಿಯಲ್ಲ. "ಛೆ ಛೆ, ನಾಳೆ ಮೀನು ಎಂತದ್ರಲ್ಲಿ ತರ್ತೀರಿ? ನನ್ನ ತಂಗಿಯ ಮಗ ಲತೇಶನ ಗ್ಯಾರೇಜು ಕೊಟ್ಟಾರದಲ್ಲೇ ಉಂಟು. ಈಗಲೇ ಬರ್ತಾನೆ."

"ರಜೆಯ ದಿನ ಅವನಿಗೆ ಯಾಕೆ ಸುಮ್ಮನೆ..."

"ಅದೆಲ್ಲ ಎಂತ ಇಲ್ಲ ಮಾರಾಯ್ರೆ!" ಪೂವಪ್ಪನ ಫೋನು ಆಗಲೇ ಕಿವಿಯಲ್ಲಿತ್ತು.

ದೋಸೆಯ ಬಟ್ಟಲು ಒಳಗಿಡುವಷ್ಟರಲ್ಲಿ ಅರ್ಧ ಓಣಿ ಅಂಗಳದಲ್ಲಿ ನೆರೆದಿತ್ತು. ಒಬ್ಬರು ಬ್ಯಾಟರಿ ಎಂದರು, ಒಬ್ಬರು ದೃಷ್ಟಿ ಎಂದರು. ಪಕ್ಕದ ಮನೆಯ ಡಾಲಿ ಬಾಯಿ, "ಬಾಲ ಯೇಸುವಿನ ಹತ್ರ ಒಂದು ಕ್ಯಾಂಡಲ್ ಹಚ್ಚಿ ಬರ್ತೇನೆ, ನೀವು ಹೆದರ್ಬೇಡಿ" ಎಂದರು. ಎಲ್ಲರ ಮುಖದಲ್ಲಿ ಎಷ್ಟು ನಿಜವಾದ ಮರುಕವಿತ್ತೆಂದರೆ ಲೀಲಾಧರನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಲತೇಶನ ಬೈಕಿನ ಸದ್ದು ಕೇಳಿಸಿತು. ಬೆನ್ನಿಗೆ ಲ್ಯಾಪ್‌ಟಾಪಿನ ಚೀಲ ಬೇರೆ! ಅದನ್ನು ಗಾಡಿಗೆ ಜೋಡಿಸಿದರೆ ಸುಳ್ಳು ಬಯಲಾಗುತ್ತದೆ. ಲೀಲಾಧರ ಆರ್‌ಸಿ ಹುಡುಕುವ ನೆವದಲ್ಲಿ ಗಾಡಿಯೊಳಗೆ ನುಗ್ಗಿ, ವಿಡಿಯೋದಲ್ಲಿ ಕಂಡಂತೆ ಡ್ಯಾಶ್‌ಬೋರ್ಡಿನ ಅಡಿಗೆ ಕೈಹಾಕಿದ. ಕೈಗೆ ದಪ್ಪ ವಯರುಗಳ ಒಂದು ಪ್ಲಗ್ ಸಿಕ್ಕಿತು. ಸ್ವಲ್ಪ ಸಡಿಲ ಮಾಡಿದರಾಯಿತು, ಆಮೇಲೆ ಸಿಕ್ಕಿಸಿಕೊಳ್ಳಬಹುದು ಎಂದು ಎಳೆದ. ಬರಲಿಲ್ಲ. ಬಲೆ ಎಳೆಯುವ ಮನೆತನದ ತೋಳು, ಇನ್ನೊಮ್ಮೆ ಎಳೆದ. ಟಕ್ ಎಂದು ಏನೋ ಮುರಿದು ಕೈಗೇ ಬಂತು.

ಲತೇಶ ಲ್ಯಾಪ್‌ಟಾಪ್ ಜೋಡಿಸಿ ನೋಡಿದ. ಕಣ್ಣರಳಿಸಿದ. "ಲೀಲಣ್ಣ ಹೇಳಿದ್ದು ಸರಿ. ಟಿಸಿಎಂ ಮಾತೇ ಆಡ್ತಾ ಇಲ್ಲ." ಆಮೇಲೆ ಟಾರ್ಚು ಹಿಡಿದು ಬಗ್ಗಿ, "ಪಿನ್ನೆಲ್ಲ ಮುರಿದಿದೆ. ಬಾಕ್ಸೇ ಒಡೆದಿದೆ. ಇದು ಹೆಗ್ಗಣದ ಕೆಲಸ" ಎಂದ.

ಓಣಿಯವರೆಲ್ಲ ಒಟ್ಟಿಗೆ ಡಾಲಿ ಬಾಯಿಯ ಕಡೆ ತಿರುಗಿದರು. "ನಿಮ್ಮ ಬೆಕ್ಕು ಎಂತ ಮಾಡ್ತದೆ ಬಾಯಿ, ಇಷ್ಟು ದೊಡ್ಡ ಹೆಗ್ಗಣ ಓಡಾಡುವಾಗ?"

"ಲೀಲಣ್ಣ ದಿನಾ ಅದಕ್ಕೆ ಅಂಜಲ್ ಮೀನಿನ ತುಂಡು ಹಾಕ್ತಾರೆ. ಅದು ಹೆಗ್ಗಣ ಮುಟ್ತದಾ?" ಡಾಲಿ ಬಾಯಿ ಸೆರಗು ಬಿಗಿದುಕೊಂಡರು.

ಹೆಗ್ಗಣ ತಲೆ ತಗ್ಗಿಸಿ ನಿಂತಿತ್ತು. ಬಾಗಿಲಲ್ಲಿ ಕುಮುದಿನಿ, ಇಸ್ತ್ರಿ ಹಾಕಿದ ಸೀರೆಯುಟ್ಟು, ಮಲ್ಲಿಗೆ ಮುಡಿದು ನಿಂತಿದ್ದಳು. ಗಾಡಿಯನ್ನು ನೋಡಿದಳು, ಗಂಡನನ್ನು ನೋಡಿದಳು. "ಬರ್ನಡೆಟ್‌ಗೆ ಫೋನ್ ಮಾಡ್ತೇನೆ, ಬರೋದಿಲ್ಲ ಅಂತ" ಎಂದು ಮಂಜುಗಡ್ಡೆಯಂತಹ ದನಿಯಲ್ಲಿ ಹೇಳಿ ಒಳಗೆ ಹೋದಳು.

ಅದೇ ಮಾದರಿಯ, ಅಪಘಾತವಾದ ಗಾಡಿಯೊಂದರ ಮಾಡ್ಯೂಲು ಲತೇಶನ ಗ್ಯಾರೇಜಿನಲ್ಲಿತ್ತು. ಆದರೆ ಗಾಡಿಯೇ ಅಲ್ಲಿಗೆ ಹೋಗಬೇಕು. ಪೂವಪ್ಪ ಒಂದು ಕ್ರೇನ್ ತರಿಸಿದ. ಕ್ರೇನಿನವ ಹಿಂದಿನ ಚಕ್ರಗಳನ್ನು ಎತ್ತಿ ಸಿಕ್ಕಿಸಿಕೊಂಡು, ಬ್ರೇಕಿಗೆ ಒಬ್ಬರು ಬೇಕೆಂದು ಲೀಲಾಧರನನ್ನು ಸ್ಟಿಯರಿಂಗಿನ ಮುಂದೆ ಕೂರಿಸಿ ಹೊರಟ. ಪೂವಪ್ಪ ಲತೇಶನ ಬೈಕಿನಲ್ಲಿ ಮುಂದೆ ಹೋದ.

ಹೀಗೆ ಲೀಲಾಧರ ಬೆನ್ನು ಮುಂದಾಗಿ ನಂತೂರಿಗೆ ಬಂದ. ಹಿಂದಿನಿಂದ ಬರುತ್ತಿದ್ದ ಬಸ್ಸಿನ ಚಾಲಕನಿಗೂ ಅವನಿಗೂ ಮುಖಾಮುಖಿ, ಸೆಲೂನಿನ ಕನ್ನಡಿಯಲ್ಲಿ ಕಂಡ ಹಾಗೆ. ನಂತೂರಿನ ವೃತ್ತದಲ್ಲಿ ಎಂದಿನಂತೆ ವಾಹನಗಳೆಲ್ಲ ನಿಂತಿದ್ದವು. ಚಾಲಕ ಕೈ ತಿರುಗಿಸಿ "ದಾನೆ?", ಏನಾಯಿತು, ಎಂದು ಕೇಳಿದ. ಗೇರ್‌ಬಾಕ್ಸಿನ ಮಂಡೆ ಹೋಯಿತೆಂದು ಕೈಸನ್ನೆಯಲ್ಲಿ ಹೇಳಲಾಗದೆ ಲೀಲಾಧರ ತನ್ನ ತಲೆಯನ್ನು ಮುಟ್ಟಿ ತೋರಿಸಿದ. ಚಾಲಕ ಅಯ್ಯೋ ಪಾಪ ಎಂದು ಕೆನ್ನೆ ಬಡಿದುಕೊಂಡು, ಕಂಡಕ್ಟರನನ್ನೂ ಕರೆದು ಇವನನ್ನು ತೋರಿಸಿದ. ಸಿಗ್ನಲ್ ಬಿಡುವವರೆಗೂ ಇಡೀ ಬಸ್ಸು ಎದ್ದು ನಿಂತು ಅವನನ್ನು ನೋಡಿತು.

ಕೊಟ್ಟಾರದಲ್ಲಿ ಲತೇಶ ಹಳೆಯದನ್ನು ಕಿತ್ತು ಬೇರೆ ಮಾಡ್ಯೂಲು ಕೂರಿಸಿದ. ಮದುಮಗಳಿಗೆ ಗಂಡನ ಮನೆಯವರ ಹೆಸರು ಹೇಳಿಕೊಡುವ ಹಾಗೆ ಲ್ಯಾಪ್‌ಟಾಪಿನಿಂದ ಅದಕ್ಕೆ ಈ ಗಾಡಿಯ ವಿವರವನ್ನೆಲ್ಲ ಕಲಿಸಿದ. ಊಟದ ಹೊತ್ತಿಗೆ ಗಾಡಿ ಎಣ್ಣೆ ಹಚ್ಚಿದಂತೆ ಗೇರ್ ಬದಲಿಸತೊಡಗಿತು.

"ಒಂದು ವಿಷಯ ಉಂಟು ಲೀಲಣ್ಣ" ಎಂದ ಲತೇಶ. "ಇದು ಇನ್ನು ನಿಮ್ಮ ಕಾಲಿನ ಅಭ್ಯಾಸ ಕಲಿಯಬೇಕು. ಇವತ್ತೇ ಲೋಡ್ ಹಾಕಿ ದೂರ ಓಡಿಸಿ. ಏರು, ತಗ್ಗು, ಎಲ್ಲ ಇರ್ಬೇಕು. ನೀವೇ ಓಡಿಸ್ಬೇಕು. ಬೇರೆಯವರು ಓಡಿಸಿದ್ರೆ ಅವರದ್ದು ಕಲೀತದೆ."

"ಲೋಡಾ?" ಪೂವಪ್ಪನ ಮುಖ ಅರಳಿತು. "ನಮ್ಮ ಕಪಾಟು, ಮಂಚ ರೆಡಿ ಉಂಟಲ್ಲ! ಮಗಳು ಭವ್ಯಶ್ರೀ ಮನೆಗೆ. ಮೂಡುಬಿದಿರೆಗೆ."

"ಮೂಡುಬಿದಿರೆಗಾ? ಅದು ಕಾರ್ಕಳದ ದಾರಿಯಲ್ಲೇ ಅಲ್ವಾ! ಬೆಳಿಗ್ಗೆಯೇ ಯಾಕೆ ಹೇಳ್ಲಿಲ್ಲ?"

"ಹೇಳ್ಲಿಕ್ಕೆ ನೀವು ಬಿಟ್ರೆ ಅಲ್ವಾ!"

ಲೀಲಾಧರ ಹಣೆ ಚಚ್ಚಿಕೊಂಡ. ಆದರೂ ಮನೆಗೆ ಮರಳುವ ದಾರಿಯಲ್ಲಿ ಮನಸ್ಸು ಹಗುರಾಯಿತು. ಈಗಲೂ ಹೊತ್ತು ಮೀರಿಲ್ಲ. ಕುಮುದಿನಿಯನ್ನು ಮುಂದೆ ಕೂರಿಸಿಕೊಂಡು, ಮೂಡುಬಿದಿರೆಯಲ್ಲಿ ಪೂವಪ್ಪನನ್ನೂ ಕಪಾಟನ್ನೂ ಇಳಿಸಿ, ಚಹಾದ ಹೊತ್ತಿಗೆ ಬರ್ನಡೆಟ್‌ಳ ಮನೆ. ಸುಳ್ಳು ಹೇಳಿಯೂ ಒಳ್ಳೆಯದೇ ಆಯಿತೆಂದು ಸಿಳ್ಳೆ ಹಾಕಿದ.

ಅಂಗಳಕ್ಕೆ ಬಂದಾಗ ಒಳಗಿನಿಂದ ಹೆಂಗಸರ ನಗು ಕೇಳಿಸಿತು. ಜಗಲಿಯಲ್ಲಿ ಸಾಲಾಗಿ ಸಿಮೆಂಟಿನ ಹೂಕುಂಡಗಳು.

"ಬನ್ನಿ ಲೀಲಣ್ಣ!" ಎನ್ನುತ್ತ ಹೊರಗೆ ಬಂದವಳು ಬರ್ನಡೆಟ್. "ಗಾಡಿ ಹಾಳಾಗಿದೆ, ಬರೋದಿಲ್ಲ ಅಂತ ಕುಮುದಿನಿ ಫೋನಲ್ಲಿ ಅತ್ತೇಬಿಟ್ಳು. ಹಾಗಾದ್ರೆ ನಾನೇ ಬರ್ತೇನೆ ಅಂತ ಬೀಗ ಹಾಕಿ ಬಸ್ ಹತ್ತಿದೆ. ಇಲ್ಲಿ ಬಸ್ ಇಳಿದಲ್ಲಿ ಅಂಗಡಿಯಲ್ಲಿ ಕುಂಡ ಚಂದ ಕಂಡಿತು, ತೆಗೊಂಡೆ. ಬಸ್ಸಲ್ಲಿ ಹೇಗೆ ಒಯ್ಯುವುದು ಅಂತ ಮಂಡೆಬಿಸಿ ಆಗಿತ್ತು."

"ಗಾಡಿ ಸರಿಯಾಯ್ತು, ದೂರ ಓಡಿಸ್ಬೇಕಂತೆ. ಲೋಡ್ ಹಾಕಿ!" ಪೂವಪ್ಪ ಊರಿಗೆಲ್ಲ ಕೇಳುವಂತೆ ಸಾರಿದ.

"ಒಳ್ಳೇದೇ ಆಯ್ತು" ಎಂದಳು ಕುಮುದಿನಿ. ಬೆಳಗಿನ ಮಂಜುಗಡ್ಡೆ ಪೂರಾ ಕರಗಿತ್ತು. "ಕುಂಡ ಅವಳ ಅಂಗಳದಲ್ಲಿ ಇಟ್ಟು ಬನ್ನಿ. ನಾಳೆ ಬೆಳಿಗ್ಗೆ ಬಾಲ ಯೇಸುವಿನ ಪೂಜೆ ಮುಗಿಸಿಯೇ ಅವಳು ಹೋಗುವುದು."

"ನೀನು ಬರುವುದಿಲ್ವಾ?"

"ಇವಳನ್ನು ಬಿಟ್ಟು ನಾನು ಎಲ್ಲಿಗೆ ಬರ್ಲಿ?"

ಡಾಲಿ ಬಾಯಿಯಿಂದ ಹಿಡಿದು ಎಲ್ಲರೂ ಸೇರಿ ಲೋಡ್ ಮಾಡಿದರು. ಬರ್ನಡೆಟ್ ಜಾಗ ಉಂಟೆಂದು ಇನ್ನೂ ನಾಲ್ಕಾರು ಕುಂಡ ತರಿಸಿದಳು. ಮೂಡುಬಿದಿರೆಯಲ್ಲಿ ಕಪಾಟನ್ನು ಮಹಡಿ ಹತ್ತಿಸುವಾಗ ಪೂವಪ್ಪನಿಗೆ ಸೊಂಟ ಹಿಡಿಯಿತು, ಉಳಿದದ್ದನ್ನು ಲೀಲಾಧರನೇ ಹೊತ್ತ. ಪೂವಪ್ಪ ಮಗಳ ಮನೆಯಲ್ಲೇ ಉಳಿದ.

ಬಿಸಿಲು ಇಳಿಯುವ ಹೊತ್ತಿಗೆ ಲೀಲಾಧರ ಕಾರ್ಕಳದ ಆ ಬೀಗ ಹಾಕಿದ ಮನೆಯೆದುರು ಒಬ್ಬನೇ ಕುಂಡಗಳನ್ನು ಇಳಿಸಿ ಮುಗಿಸಿದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮೆಟ್ಟಿಲ ಮೇಲೆ ಕುಳಿತು ಉಸಿರು ಬಿಡುವಾಗ ಫೋನು ಬಂತು.

"ಮುಟ್ಟಿದಿರಾ?" ಕುಮುದಿನಿಯ ದನಿ ಪ್ರೀತಿಯಿಂದ ತುಂಬಿತ್ತು. "ಮನೆ ಹೇಗುಂಟು?"

ಅವನು ತಲೆಯೆತ್ತಿ ನೋಡಿದ. ಹಳದಿ ಗೋಡೆ, ಮರದ ಬಾಲ್ಕನಿ. "ಚಂದ ಉಂಟು."

"ಹೌದಾ? ನಿಮ್ಮದು ನೋಡಿ ಆಯ್ತು. ನಾನಿನ್ನೂ ನೋಡ್ಲಿಲ್ಲ. ಬರುವ ಆದಿತ್ಯವಾರ ಗಾಡಿ ಯಾರಿಗೂ ಕೊಡ್ಬೇಡಿ, ಈಗಲೇ ಹೇಳಿದ್ದೇನೆ."