ಹುಲಿ ಕಂಬಳಿ ಮತ್ತು ಹತ್ತು ಗುಂಡು

ಗುರಿ ಇಡುವುದು ಹೇಗೆಂದು ಹೇಳಿಕೊಡಲು ಊರು ತುಂಬ ಜನರಿದ್ದಾರೆ. ಉಸಿರು ಹಿಡಿಯಿರಿ, ಭುಜ ಸಡಿಲ ಬಿಡಿ, ಮನಸ್ಸನ್ನು ಒಂದೇ ಕಡೆ ನಿಲ್ಲಿಸಿ ಎನ್ನುತ್ತಾರೆ. ಗುರಿಯ ಹಿಂದೆ ಏನು ಇಡಬೇಕು ಎಂದು ಕೇಳಿ ನೋಡಿ, ಎಲ್ಲರಿಗೂ ಒಮ್ಮೆಲೇ ಬೇರೆ ಕೆಲಸ ನೆನಪಾಗುತ್ತದೆ. ಕಾಗದ ತೂರಿದ ಗುಂಡು ಅಲ್ಲೇ ಗಾಳಿಯಲ್ಲಿ ಕರಗಿಹೋಗುತ್ತದೆ ಎಂದು ಇವರೆಲ್ಲ ತಿಳಿದುಕೊಂಡಂತಿದೆ. ಕರಗುವುದಿಲ್ಲ ಸ್ವಾಮಿ. ಅದು ಮುಂದೆ ಹೋಗುತ್ತದೆ, ಮತ್ತು ಮುಂದೆ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕ್ ಇರುತ್ತದೆ.

ಇಪ್ಪತ್ತೆಂಟು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ನಾನು ರೈಫಲ್ ಕ್ಲಬ್ ಸೇರಿದೆ. ಏಕೆ ಎಂದು ಕೇಳಬೇಡಿ. ಗಂಡಸು ಸೇರಿದರೆ ಹವ್ಯಾಸ, ಹೆಂಗಸು ಸೇರಿದರೆ ಮಂಗಳೂರಿನ ನಮ್ಮ ಫಳ್ನೀರಿನಲ್ಲಿ ಎಲ್ಲರೂ ಮೊದಲು ಗಂಡನ ಮುಖ ನೋಡುತ್ತಾರೆ. ನನ್ನ ಗಂಡ ಸಿರಿಲ್ ಎರಡು ತಿಂಗಳು ಆ ಅನುಕಂಪದಲ್ಲಿ ಸುಖವಾಗಿ ಬದುಕಿದ. ಮಳೆಗಾಲದಲ್ಲಿ ಕ್ಲಬ್ಬಿನ ಮಾಡು ಸೋರಿ ಅಭ್ಯಾಸ ನಿಂತುಹೋಯಿತು. ಹಿರಿಯರ ತಂಡದ ಆಯ್ಕೆಗೆ ಇದ್ದದ್ದು ಒಂದೇ ತಿಂಗಳು. ತಂಡಕ್ಕೆ ನಾಲ್ಕು ಜನ, ಕ್ಲಬ್ಬಿನ ಪಟ್ಟಿಯಲ್ಲಿ ನಾನು ಐದನೆಯವಳು. ನಮ್ಮ ಟೆರೇಸಿಗೆ ತಗಡಿನ ಮಾಡು ಉಂಟು, ಹತ್ತು ಮೀಟರ್ ಉದ್ದ ಉಂಟು. ನನ್ನ ಏರ್ ರೈಫಲಿಗೆ ಬೇಕಾದದ್ದೂ ಅಷ್ಟೇ.

ಗುರಿಯ ಹಿಂದೆ ಮೊದಲು ವಾಷಿಂಗ್ ಮಷಿನ್ ಬಂದ ರಟ್ಟಿನ ಪೆಟ್ಟಿಗೆ ಇಟ್ಟೆ. ಆಗಸ್ಟಿನ ಮಂಗಳೂರಿನಲ್ಲಿ ರಟ್ಟು ರಟ್ಟಾಗಿ ಉಳಿಯುವುದಿಲ್ಲ, ನೆನೆಸಿದ ಹಪ್ಪಳವಾಗುತ್ತದೆ. ಮೂರನೆಯ ಗುಂಡು ಆಚೆ ಹೋಯಿತು. ಮರುದಿನ ಟ್ಯಾಂಕಿನಲ್ಲಿ ಸಣ್ಣ ತೂತೊಂದು ಕಂಡಿತು. ನನ್ನ ನೆನಪಿನ ಪ್ರಕಾರ ಆ ತೂತು ಮೊದಲೇ ಇತ್ತು. ನನ್ನ ನೆನಪು ಸಾಮಾನ್ಯವಾಗಿ ನನ್ನ ಪಕ್ಷವನ್ನೇ ವಹಿಸುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಶ್ರೀಪತಿ ಭಟ್ಟರು ಕೊಡೆ ಹಿಡಿದುಕೊಂಡೇ ಮೇಲೆ ಬಂದರು. ಅರ್ಚಕರ ಮನೆತನದವರು, ಸರಕಾರಿ ಆಫೀಸಿನಿಂದ ನಿವೃತ್ತರು. ಎರಡೂ ಕಡೆಯಿಂದ ಬಂದ ತಾಳ್ಮೆ ಅವರದು. ಬೆರಳಿನಿಂದ ತೂತು ಮುಚ್ಚಿ, ತೆಗೆದು, ಮತ್ತೆ ಮುಚ್ಚಿದರು.

"ಇದೆಂತ ಟೀಚರ್ರೇ?"

"ಕಾಗೆ ಕುಕ್ಕಿರಬೇಕು."

"ಕಾಗೆ ಇಷ್ಟು ರೌಂಡಾಗಿ ಕುಕ್ಕುದಾ ಮಾರಾಯ್ರೆ?"

ಕೊನೆಗೆ ಅವರೇ ತೀರ್ಪು ಕೊಟ್ಟರು. ಭಾನುವಾರ ತಮ್ಮ ಎದುರು ಹತ್ತು ಗುಂಡು ಹೊಡೆಯಬೇಕು. ಹತ್ತೂ ಗುರಿಯ ಹಿಂದೆ ಇಟ್ಟ ಅಡ್ಡದಲ್ಲೇ ನಿಂತರೆ ಟೆರೇಸು ನನ್ನದು. ಒಂದು ಆಚೆ ಹೋದರೂ ರೈಫಲ್ ಕಪಾಟಿಗೆ, ಅಂದರೆ ನಾನು ಐದನೆಯವಳಾಗಿಯೇ ಮನೆಗೆ.

ಕೊಟ್ಟಾರದ ಪ್ಲೈವುಡ್ ಅಂಗಡಿಗೆ ಹೋದೆ. ಅಂಗಡಿಯವರು ಉತ್ಸಾಹದಿಂದ ಹಲಗೆಗಳನ್ನು ತಟ್ಟಿ ತಟ್ಟಿ ತೋರಿಸಿದರು.

"ಎಂತಕ್ಕೆ ಮೇಡಂ, ಕಪಾಟಿಗಾ?"

"ಗುಂಡು ಹೊಡೀಲಿಕ್ಕೆ."

ತಟ್ಟುವ ಕೈ ನಿಂತಿತು. "ಸರ್‌ಗೆ ಗೊತ್ತುಂಟಾ?"

ನೋಡಿ, ಇದು. ಸರ್‌ಗೆ ಗೊತ್ತುಂಟಾ! ಕಪಾಟಿಗೆ ಎಂದಿದ್ದರೆ ಸರ್ ಬದುಕಿದ್ದಾರೋ ಇಲ್ಲವೋ ಎಂದೂ ಕೇಳುತ್ತಿರಲಿಲ್ಲ. ನೀರಿಗೆ ಗ್ಯಾರಂಟಿ ಉಂಟು, ಗೆದ್ದಲಿಗೆ ಗ್ಯಾರಂಟಿ ಉಂಟು, ಇದಕ್ಕೆ ಮಾತ್ರ ಕಂಪನಿಯವರು ಎಂತದೂ ಬರೆದಿಲ್ಲ ಎಂದು ಅವರು ಹಲಗೆಯನ್ನು ಕೊಟ್ಟರು. ಹೊಳೆಯುವ ಹಲಗೆ ನಾಲ್ಕು ದಿನದಲ್ಲಿ ಪದರ ಪದರವಾಗಿ ಬಿಚ್ಚಿಕೊಂಡು, ಗುಂಡು ಬಿದ್ದಲ್ಲೆಲ್ಲ ಸಿಬಿರು ಎಬ್ಬಿಸಿ ನನ್ನನ್ನು ಅಣಕಿಸಿತು. ಆಮೇಲೆ ಸಿರಿಲ್ ಎಲ್ಲಿಂದಲೋ ಹಲಸಿನ ದಪ್ಪ ಹಲಗೆ ತಂದ. ಅದು ಗಟ್ಟಿ ಎಂದರೆ ಗಟ್ಟಿ. ಗುಂಡನ್ನು ಒಳಗೆ ಬಿಟ್ಟುಕೊಳ್ಳದೆ ಹಾಗೆಯೇ ಹಿಂದಕ್ಕೆ ಕಳಿಸಿತು, ಅದು ಸಿರಿಲನ ಚಹಾದ ಗ್ಲಾಸಿಗೆ ತಾಗಿತು. ಸಂವೇಗದ ಪಾಠ ಮಾಡಿದವಳು ನಾನು. ಗಟ್ಟಿಯಾದದ್ದು ಗುಂಡನ್ನು ನಿಲ್ಲಿಸುವುದಿಲ್ಲ, ಹಿಂದಿರುಗಿಸುತ್ತದೆ ಎಂದು ತಿಳಿಯಲು ನನಗೊಂದು ಗ್ಲಾಸು ಒಡೆಯಬೇಕಾಯಿತು. ಬೇಕಾದದ್ದು ಭಾರವಾಗಿ ಜೋತುಬಿದ್ದು, ಹೊಡೆದರೆ ಸ್ವಲ್ಪ ಹಿಂದೆ ಸರಿದು, ಗುಂಡಿನ ಸೊಕ್ಕನ್ನು ಅಲ್ಲೇ ಕುಡಿದುಬಿಡುವ ವಸ್ತು. "ಅಂದರೆ ನನ್ನ ಹಾಗೆ" ಎಂದ ಸಿರಿಲ್, ಗಾಜು ಗುಡಿಸುತ್ತ.

ಆಗ ಕಪಾಟಿನ ಮೇಲೆ ನನ್ನ ಕಣ್ಣು ಬಿತ್ತು. ನಮ್ಮವರ ಮನೆಗಳಲ್ಲಿ ಕಪಾಟಿನ ಮೇಲೆ ಏನಿರುತ್ತದೆ ಎಂದು ನಿಮಗೆ ಗೊತ್ತು: ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಅದರೊಳಗೆ ಗಲ್ಫಿನ ಕಂಬಳಿ. ಈ ಸೆಕೆಯ ಊರಿನಲ್ಲಿ ಅದನ್ನು ಯಾರೂ ಹೊದೆಯುವುದಿಲ್ಲ, ಯಾರೂ ಬಿಸಾಡುವುದೂ ಇಲ್ಲ. ನಮ್ಮದರ ಮೇಲೆ ಎರಡು ಹುಲಿಗಳು. ತಮ್ಮ ರೋನಿ ಕುವೈತಿನಿಂದ ಮೊದಲ ಸಲ ಬಂದಾಗ ಹೆಗಲ ಮೇಲೆ ಹೊತ್ತು ತಂದದ್ದು. ಏರ್‌ಪೋರ್ಟಿನ ಬಾಗಿಲಲ್ಲಿ ಅವನು ಬೆವರುತ್ತ, ನಗುತ್ತ ಬಂದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಕೆಳಗಿಳಿಸುವಾಗ ನನಗೆ ಸಣ್ಣಗೆ ಅಳುವೂ ಬಂತು.

"ನೀನು ಏರ್‌ಪೋರ್ಟಿಗೆ ಬರ್ಲೇ ಇಲ್ಲ. ನಿನಗೆ ಪೇಪರ್ ವ್ಯಾಲ್ಯುವೇಶನ್ ಇತ್ತು" ಎಂದ ಸಿರಿಲ್.

ಸಿಟ್ಟಿನಿಂದ ರೋನಿಗೇ ಫೋನ್ ಮಾಡಿದೆ. ಹುಲಿಯನ್ನು ಗುಂಡಿಗೆ ಅಡ್ಡವಾಗಿ ನೇತುಹಾಕುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ ಎಂದೆ.

"ಯಾವ ಹುಲಿ ಅಕ್ಕಾ? ನಾನು ತಂದದ್ದು ನವಿಲು. ಅದು ಅಮ್ಮನ ಮನೆಯಲ್ಲಿ ಉಂಟಲ್ಲ."

ಹಾಗಾದರೆ ಇಷ್ಟು ವರ್ಷ ನುಸಿ ಗುಳಿಗೆ ಹಾಕಿ ನಾನು ಕಾಪಾಡಿದ್ದು ಯಾರ ಪ್ರೀತಿಯನ್ನು? ಸಿರಿಲನಿಗೂ ಗೊತ್ತಿಲ್ಲ, ಹುಲಿಗಳಂತೂ ಬಾಯಿ ಬಿಡಲಿಲ್ಲ. ಮೋಸಹೋದವಳ ರೋಷದಲ್ಲಿ ಕಂಬಳಿಯನ್ನು ಒಯ್ದು ಟ್ಯಾಂಕಿನ ಮುಂದೆ ಸಡಿಲವಾಗಿ ಜೋತುಬಿಟ್ಟೆ, ಕೆಳಗೆ ಅಲ್ಯೂಮಿನಿಯಂ ತಟ್ಟೆ ಇಟ್ಟೆ.

ಭಾನುವಾರ ಪಾದ್ರಿಗಳ ಪೂಜೆ ಮುಗಿದು ನಾವು ಇಗರ್ಜಿಯಿಂದ ಬರುವಷ್ಟರಲ್ಲಿ ಭಟ್ಟರೂ ತಮ್ಮ ಪೂಜೆ ಮುಗಿಸಿ ಬಂದಿದ್ದರು. ಕಂಬಳಿಯ ನಡುವೆ ಟಾರ್ಗೆಟ್ ಕಾಗದವನ್ನು ಸೇಫ್ಟಿ ಪಿನ್ನಿನಿಂದ ಸಿಕ್ಕಿಸಿದೆ. ಭಟ್ಟರು ನನ್ನ ಹಿಂದೆ ನಿಂತರು, ಸಿರಿಲ್ ಭಟ್ಟರ ಹಿಂದೆ. ಹೊಡೆದೆ. ಕಂಬಳಿ ಮೆಲ್ಲಗೆ ಅಲುಗಿತು, ತಟ್ಟೆಯಲ್ಲಿ ಟಿಣ್ ಎಂದಿತು. ಹತ್ತು ಸಲ ಹೊಡೆದೆ, ಹತ್ತು ಸಲ ಟಿಣ್ ಎಂದಿತು. ಭಟ್ಟರು ಹೋಗಿ ಚಪ್ಪಟೆಯಾದ ಗುಂಡುಗಳನ್ನು ಎಣಿಸಿದರು, ಟ್ಯಾಂಕನ್ನು ಸವರಿದರು. ಗೆದ್ದೆ ಎಂದುಕೊಂಡೆ. ಆಮೇಲೆ ಅವರು ಕಾಗದದ ಮುಂದೆ ಬಹಳ ಹೊತ್ತು ನಿಂತರು.

"ಕಂಬಳಿ ಪಾಸ್, ಟೀಚರ್ರೇ. ಈ ಕಾಗದ ಹೊಸದೇ ಉಂಟು. ಇನ್ನೊಮ್ಮೆ ಉಪಯೋಗಿಸ್ಬಹುದು."

ಒಂದೂ ತೂತಿರಲಿಲ್ಲ. ಅನುಮತಿ ಸಿಕ್ಕಿತು, ಆದರೆ ಅವಮಾನಕರವಾದ ಷರತ್ತಿನೊಂದಿಗೆ: ಕಂಬಳಿ ಗುರಿಯ ಹಿಂದೆ ಮಾತ್ರ ಸಾಲದು, ಟ್ಯಾಂಕಿನ ಈ ತುದಿಯಿಂದ ಆ ತುದಿಯವರೆಗೂ ಇರಬೇಕು. "ನಮ್ಮಲ್ಲಿ ಒಂದುಂಟು, ಯಾರೋ ದುಬೈಯಿಂದ ತಂದುಕೊಟ್ಟದ್ದು. ಈಗಲೇ ಕಳಿಸ್ತೇನೆ" ಎಂದು ಹೇಳಿ ಅವರು ಸರಸರನೆ ಇಳಿದರು. ಸಂಜೆಯೊಳಗೆ ಕಟ್ಟಡದ ಎಲ್ಲ ಮಹಡಿಗಳಿಂದ ಕಂಬಳಿಗಳು ಹತ್ತಿ ಬಂದವು. ಗುಲಾಬಿ, ಕುದುರೆ, ಹಂಸ, ಇನ್ನೂ ಮೂರು ಹುಲಿ. ಟೀಚರಿಗೆ ಬೇಕಂತೆ ಎಂದು ಇಡೀ ಕಟ್ಟಡವೇ ನೆಮ್ಮದಿಯಿಂದ ಕಪಾಟಿನ ಮೇಲಿನ ಭಾರ ಇಳಿಸಿಕೊಂಡಿತು. ನನ್ನ ಗುರಿಯ ಮೇಲೆ ಅವರಿಗಿದ್ದ ನಂಬಿಕೆಯ ಅಗಲ ಹದಿನೈದು ಅಡಿ.

ಎಲ್ಲರೂ ಹೋದ ಮೇಲೆ ನಾನು ಒಬ್ಬಳೇ ನಮ್ಮ ಕಂಬಳಿಯನ್ನು ಹತ್ತಿರದಿಂದ ನೋಡಿದೆ. ಕಾಗದದಿಂದ ಒಂದು ಗೇಣು ಎಡಕ್ಕೆ, ದೊಡ್ಡ ಹುಲಿಯ ಕಣ್ಣಿನಲ್ಲಿ, ಬಿಸ್ಕೂಟಿನಷ್ಟು ಜಾಗದೊಳಗೆ ಸೀಸದ ಹತ್ತು ಬೂದು ಕಲೆಗಳಿದ್ದವು. ಒಂದರ ಮೇಲೊಂದು, ಹತ್ತೂ ಅಲ್ಲೇ! ಕೈ ಸರಿಯಿತ್ತು, ಉಸಿರು ಸರಿಯಿತ್ತು, ರೈಫಲಿನಲ್ಲಿ ಗುರಿ ನೋಡುವ ಕಿಂಡಿಯ ತಿರುಪು ಮಾತ್ರ ಸರಿದುಹೋಗಿತ್ತು. ಧೂಳು ಒರೆಸುವಾಗ ಅದನ್ನು ತಿರುಗಿಸಿದ್ದು ಯಾರು ಎಂದು ಸಿರಿಲನನ್ನು ಕೇಳಿದೆ. ಅವನು ನೀನೇ ಎಂದ. ನನಗೆ ಹಾಗೆ ನೆನಪಿಲ್ಲ.

ತಿರುಪು ಸರಿಮಾಡಿ ಈಗ ದಿನವೂ ಅಭ್ಯಾಸ ನಡೆದಿದೆ, ಗುಂಡುಗಳು ಕಾಗದಕ್ಕೆ ಬೀಳುತ್ತಿವೆ. ಭಟ್ಟರು ಮಾತ್ರ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಆ ಭಾನುವಾರದ ಕಾಗದವನ್ನು ವಿಚಾರಿಸುತ್ತಾರೆ. ಹುಲಿಯ ಕಣ್ಣನ್ನು ಮೇಲೆ ಬಂದು ನೋಡಿ ಎಂದು ನಾನು ಪ್ರತಿ ಸಲವೂ ಹೇಳುತ್ತೇನೆ. ಆ ದಿನ ನಾನು ಹೊಡೆಯಲು ಹೊರಟದ್ದೇ ಅದಕ್ಕೆ, ಕಾಗದ ಸುಮ್ಮನೆ ಪಕ್ಕದಲ್ಲಿತ್ತು ಅಷ್ಟೇ. ಮೊದಲೆರಡು ಸಲ ಹೀಗೆ ಹೇಳುವಾಗ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಈಗ ಆ ಹುಲಿ ನನ್ನನ್ನು ಮೊದಲು ದುರುಗುಟ್ಟಿ ನೋಡಿದ್ದು ಕೂಡ ಕಣ್ಣಿಗೆ ಕಟ್ಟಿದಂತಿದೆ.